ಹೆಗಲು ನೋಡುತ್ತಿದ್ದ ದೊರೆಸ್ವಾಮಿ

ದೊರೆಸ್ವಾಮಿಯವರು ಗಿರಾಕಿಯ ಹೆಸರು ಕೇಳುವ ಮೊದಲು ಅವನ ಹೆಗಲು ಮುಟ್ಟಿ ನೋಡುತ್ತಿದ್ದರು. ಬಲಗೈ ಹೆಬ್ಬೆರಳನ್ನು ಕೊರಳೆಲುಬಿನ ಕೆಳಗಿನ ತಗ್ಗಿಗೆ ಒತ್ತಿ, "ಇಲ್ಲಿ ಮಾಂಸ ಇಲ್ಲ, ಹಗುರದ ಬಂದೂಕು ತಗೊಳ್ಳಿ" ಅನ್ನುತ್ತಿದ್ದರು. ಇಲ್ಲವೇ, "ಪರವಾಗಿಲ್ಲ, ಒದೆ ತಡೀತೀರಿ." ಬಂದವರು ಪೊಲೀಸ್ ಅಧಿಕಾರಿಯಾಗಲಿ, ಎಸ್ಟೇಟಿನ ಯಜಮಾನರಾಗಲಿ, ಆ ಹೆಬ್ಬೆರಳಿಗೆ ಎಲ್ಲರೂ ಒಂದೇ.

ನಾನು ಅವರನ್ನು ಕಂಡದ್ದು ತೊಂಬತ್ತರ ದಶಕದಲ್ಲಿ, ಶಿವಾಜಿನಗರದ ಒಂದು ಬಂದೂಕಿನ ಅಂಗಡಿಯಲ್ಲಿ. ಕೆ.ಆರ್. ಪುರದಿಂದ ಬಸ್ಸಿನಲ್ಲಿ ಬಂದು ನಳಿಗೆ ಒರೆಸುವುದು, ಎಣ್ಣೆ ಹಾಕುವುದು, ಸ್ಪ್ರಿಂಗು ಬದಲಿಸುವುದು ನನ್ನ ಕೆಲಸ. ಅವರು ಗಿರಾಕಿಗೆ ಬಂದೂಕು ಆರಿಸಿಕೊಡುವವರು, ಹಲಸೂರಿನ ತಮಿಳರು. ವಯಸ್ಸು ಆಗಲೇ ಎಪ್ಪತ್ತರ ಹತ್ತಿರ. ಬೇಟೆಗೆ ಅನುಮತಿಯಿದ್ದ ಕಾಲದಲ್ಲಿ ಪ್ಲಾಂಟರುಗಳ ಹಿಂದೆ ಬಂದೂಕು ಹೊತ್ತು ಕಾಡು ತಿರುಗಿದವರು. ಬೇಟೆ ನಿಷೇಧವಾಗಿ ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಆದರೂ ಯಾವ ಪ್ರಾಣಿಗೆ ಯಾವ ರೈಫಲ್ ಎಂದು ದಿನಕ್ಕೊಮ್ಮೆ ಯಾರಿಗಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹೆಚ್ಚಾಗಿ ಸಿಕ್ಕುತ್ತಿದ್ದವನು ನಾನು.

"ಮೊದಲು ಪ್ರಾಣಿ ನೋಡು ತಂಬಿ, ಆಮೇಲೆ ಮನುಷ್ಯ. ಹಂದಿಗೆ ತ್ರೀ-ಫಿಫ್ಟೀನ್ ರೈಫಲ್ ಸಾಕು. ಕಾಟಿಗೆ ಸಾಲಲ್ಲ." ಕಾಡುಕೋಣವನ್ನು ಅವರು ಕಾಟಿ ಅನ್ನುತ್ತಿದ್ದರು. "ಅದು ಭುಜದೊಳಗೆ ಗೋಡೆ ಕಟ್ಕೊಂಡಿರತ್ತೆ. ಚಿಕ್ಕ ಗುಂಡು ಗೋಡೇಲಿ ಸಿಕ್ಕಾಕ್ಕೊಳ್ಳತ್ತೆ. ಪ್ರಾಣಿ ಸಾಯಲ್ಲ, ಕೊಳೀತದೆ. ತೂಕದ ಗುಂಡು ಬೇಕು. ಅದರ ಒದೆ ತಡೆಯಕ್ಕಾಗದೇ ಇರೋನು ಮನೇಲಿರ್ಬೇಕು." ಇನ್ನೊಂದು ಮಾತೂ ಇತ್ತು: "ಗಾಯ ಮಾಡಿದ್ಮೇಲೆ ಹಿಂದೆ ಹೋಗ್ಲೇಬೇಕು. ಹೋಗದೇ ಇರೋನು ಬೇಟೆಗಾರ ಅಲ್ಲ, ಕಳ್ಳ."

ಇದನ್ನೆಲ್ಲ ನಾನು ನಂಬಿದ್ದೆ. ನಂಬಲು ಕಾರಣವೂ ಇತ್ತು. ಒಮ್ಮೆ ನಿವೃತ್ತ ಅಧಿಕಾರಿಯೊಬ್ಬರು ಬಂದು ದುಬಾರಿ ರೈಫಲ್ ಒಂದನ್ನು ಎತ್ತಿ ಕಣ್ಣಿಗೆ ಹಿಡಿದು, "ಇದರಲ್ಲಿ ಗುರಿ ಮಂಜಾಗಿ ಕಾಣ್ತದಲ್ರೀ" ಎಂದರು. ದೊರೆಸ್ವಾಮಿ ಅದನ್ನು ಅವರ ಕೈಯಿಂದ ಮೆಲ್ಲಗೆ ಇಸಿದುಕೊಂಡರು. "ಸಾರ್, ನಿಮಗೆ ಬೇಕಾಗಿರೋದು ಕನ್ನಡಕ. ಕಮರ್ಷಿಯಲ್ ಸ್ಟ್ರೀಟಲ್ಲಿ ಸಿಗತ್ತೆ." ವ್ಯಾಪಾರ ಹೋಯಿತೆಂದು ಮಾಲೀಕರು ಕೂಗಾಡಿದರು. ದೊರೆಸ್ವಾಮಿ ಮೂಗಿಗೆ ನಶ್ಯ ಏರಿಸಿ ರೈಫಲ್ಲನ್ನು ಅದರ ಜಾಗಕ್ಕೆ ಇಟ್ಟರು.

ಚುನಾವಣೆ ಬಂದರೆ ಲೈಸೆನ್ಸ್ ಇರುವವರೆಲ್ಲ ಬಂದೂಕನ್ನು ಠಾಣೆಗೋ ಪರವಾನಗಿಯಿರುವ ಅಂಗಡಿಗೋ ಒಪ್ಪಿಸಬೇಕು. ಫಲಿತಾಂಶದ ತನಕ ಅವು ಅಲ್ಲೇ ಇರಬೇಕು. ನಮ್ಮ ಗೋಡೆಯುದ್ದಕ್ಕೂ ಬಂದೂಕು ನಿಂತುಬಿಡುತ್ತಿದ್ದವು. ಒಂದೊಂದಕ್ಕೂ ಹೆಸರು ಬರೆದ ರಟ್ಟಿನ ಚೀಟಿ ಕಟ್ಟಿ, ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಹೊಣೆ. ಆ ವರ್ಷ ಕೊಳ್ಳೇಗಾಲದ ಕಡೆಯ ಕಾಡಂಚಿನಿಂದ ಮಾದಪ್ಪ ಎಂಬ ರೈತ ತನ್ನ ತ್ರೀ-ಫಿಫ್ಟೀನನ್ನು ರಿಪೇರಿಗೆ ತಂದಿದ್ದ. "ಹಂದಿಗೋಳು ಸುಂಟಿ ಮಡಿಯೆಲ್ಲ ಉತ್ತಾಕ್ಬುಡ್ತವೆ ಸ್ವಾಮಿ, ಬೇಗ ಮಾಡ್ಕೊಡಿ" ಎಂದು ಕೈಮುಗಿದು ಹೋದ. ರಿಪೇರಿ ಮುಗಿಯುವಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು, ಬಂದೂಕು ಅಲ್ಲೇ ಉಳಿಯಿತು. ರಿಪೇರಿಗೆ ಬಂದದ್ದಲ್ಲವೇ ಎಂದು ನಾನು ಅದಕ್ಕೆ ಚೀಟಿ ಕಟ್ಟಲಿಲ್ಲ, ಒಪ್ಪಿಸಿದವುಗಳ ಜೊತೆ ಬರೆಯಲೂ ಇಲ್ಲ. ಆ ತಪ್ಪು ನನ್ನದು.

ಆ ದಿನಗಳಲ್ಲೇ ಇಂದಿರಾನಗರದ ಗಿರಿರಾಜ್ ಬರತೊಡಗಿದ್ದು. ಸೈಟು ವ್ಯಾಪಾರದವನು, ನಲವತ್ತರ ಆಸುಪಾಸು. ಮಾಲೀಕರು ಊಟಕ್ಕೆ ಫ್ರೇಜರ್ ಟೌನಿನ ಮನೆಗೆ ಹೋಗುವ ಹೊತ್ತು ನೋಡಿಯೇ ಬರುತ್ತಿದ್ದ. "ಆಫ್ರಿಕಾ ಟೂರ್ ಇದೆ, ದೊಡ್ಡ ಪ್ರಾಣಿಗೆ ಯಾವುದು ಆಗ್ಬೋದು?" ಎಂದ. ಆಫ್ರಿಕಾ ಎನ್ನುವಾಗ ಅವನೇ ನಕ್ಕ. ದೊರೆಸ್ವಾಮಿಯೂ ನಕ್ಕರು. ಹೆಬ್ಬೆರಳು ಅವನ ಹೆಗಲಿಗೆ ಹೋಯಿತು.

ಒಂದು ಮಧ್ಯಾಹ್ನ ಕೆ.ಆರ್. ಪುರದಾಚೆಯ ಪಾಳು ಕಲ್ಲುಕ್ವಾರಿಗೆ ಗಿರಿರಾಜನ ಜೀಪಿನಲ್ಲಿ ಮೂವರೂ ಹೋದೆವು. ದೊರೆಸ್ವಾಮಿ ಅಂಗಡಿಯಿಂದ ಎರಡು ಬಂದೂಕು ತೆಗೆದುಕೊಂಡಿದ್ದರು: ಒಬ್ಬ ಎಸ್ಟೇಟ್ ಯಜಮಾನ ಒಪ್ಪಿಸಿದ್ದ ಭಾರಿ ಜೋಡುನಳಿಗೆಯ ರೈಫಲ್, ಮತ್ತು ಮಾದಪ್ಪನದು. "ಇದು ಬೇರೆಯವರದ್ದಲ್ವಾ ಸಾರ್?" ಎಂದೆ. "ಬಂದೂಕು ಸುಮ್ನೆ ನಿಂತ್ರೆ ತುಕ್ಕು ಹಿಡೀತದೆ ತಂಬಿ" ಎಂದರು. ನಾನೂ ಜೀಪು ಹತ್ತಿದೆ.

ದೊಡ್ಡ ರೈಫಲ್ ಹಾರಿಸಿದಾಗ ಗಿರಿರಾಜ್ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಜಲ್ಲಿಯ ಮೇಲೆ ಕುಳಿತುಬಿಟ್ಟ. ತುಟಿ ಒಡೆದಿತ್ತು. "ಏನ್ ಗುರು ಇದು, ಕತ್ತೆ ಒದ್ದಂಗೆ ಒದೀತದೆ! ಬೇಡಪ್ಪ." ಮಾದಪ್ಪನ ರೈಫಲ್ಲಿನಲ್ಲಿ ಮೂರನೆಯ ಗುಂಡಿಗೆ, ಗುರಿಗೆಂದು ಇಟ್ಟಿದ್ದ ಎಣ್ಣೆ ಡಬ್ಬ ಉರುಳಿತು. ಅವನಿಗೆ ಹಿಗ್ಗೋ ಹಿಗ್ಗು. "ಇದೇ ಸಾಕು. ಏನಂತೀರಿ?"

ದೊರೆಸ್ವಾಮಿ ಒಂದು ಚಿಟಿಕೆ ನಶ್ಯ ಏರಿಸಿದರು. "ನಿಮ್ಮ ಹೆಗಲಿಗೆ ಇದೇ ಸರಿ" ಎಂದರು.

ವಾಪಸ್ ಬಂದ ಮೇಲೆ ಕೇಳಿದೆ. "ಕಾಟಿಗೆ ಸಾಲಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್?"

"ಕಾಟಿ ಅಂತ ಅವರು ಹೇಳಿದ್ರಾ? ಆಫ್ರಿಕಾ ಅಂದ್ರು." ಆಮೇಲೆ, ಬೇರೆ ಕಡೆ ನೋಡುತ್ತ, "ಕಾಡಿಗೆ ನನ್ನನ್ನೂ ಕರ್ಕೊಂಡು ಹೋಗ್ತಾರಂತೆ" ಎಂದರು. ಮುಖದಲ್ಲಿ ಹೊಸ ಅಂಗಿ ಸಿಕ್ಕ ಮಗುವಿನ ಸಂತೋಷ.

ಕಾಡಿನಲ್ಲಿ ನಡೆದದ್ದನ್ನು ನಾನು ನೋಡಿಲ್ಲ, ಅವರ ಬಾಯಿಂದ ಕೇಳಿದ್ದಷ್ಟೇ. ನಾಲ್ಕು ದಿನದ ಮೇಲೆ ಅಂಗಡಿಗೆ ಬಂದು ಮಾದಪ್ಪನ ರೈಫಲ್ಲನ್ನೂ ಐದು ಖಾಲಿ ತೋಟಾಗಳನ್ನೂ ನನ್ನ ಬೆಂಚಿನ ಮೇಲಿಟ್ಟರು.

"ಬಿತ್ತಾ?"

"ಓಡ್ತು."

"ಹಿಂದೆ ಹೋದ್ರಾ ಸಾರ್?"

"ಅವರು ಜೀಪಿಂದ ಇಳಿಯಕ್ಕೆ ಒಪ್ಪಲಿಲ್ಲ." ಆಮೇಲೆ, "ಒಂದು ಟೀ, ಎರಡು ಬನ್ ತರಿಸು" ಎಂದರು. ಎರಡನ್ನೂ ತಿಂದರು. ನಾನು ನಳಿಗೆಯೊಳಗಿನ ಕರಿ ತೆಗೆಯುತ್ತ ಕುಳಿತೆ.

ವಾರದೊಳಗೆ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಬಂದರು. ಕೊಳ್ಳೇಗಾಲದ ಕಡೆಯ ಕಾಡಿನಲ್ಲಿ ಹಳ್ಳದ ಪಕ್ಕ ಕಾಡುಕೋಣ ಸತ್ತು ಬಿದ್ದಿತ್ತು. ಮೈಯಲ್ಲಿ ತ್ರೀ-ಫಿಫ್ಟೀನ್ ಗುಂಡು ಸಿಕ್ಕಿದ್ದವು. ಸುತ್ತಲ ಊರುಗಳಲ್ಲಿ ಅಂಥ ರೈಫಲ್ ಇದ್ದದ್ದು ಮಾದಪ್ಪನಿಗೊಬ್ಬನಿಗೇ, ಅವನನ್ನು ಹಿಡಿದಿದ್ದರು. "ನನ್ ಕೋವಿ ಬೆಂಗಳೂರಲ್ಲೈತೆ" ಎಂದು ಅವನು ಅಳುತ್ತಿದ್ದಾನೆ, ನಿಜವೇ ಎಂದು ಕೇಳಲು ಬಂದಿದ್ದರು. ರಿಜಿಸ್ಟರ್ ತಿರುವಿದರು. ಅದರಲ್ಲಿ ಮಾದಪ್ಪನ ಹೆಸರಿಲ್ಲ. ಮಾಲೀಕರಿಗೆ ಏನೂ ಗೊತ್ತಿಲ್ಲ. ಚೀಟಿಯಿಲ್ಲದ ಆ ರೈಫಲ್ ನನ್ನ ಬೆಂಚಿನ ಕೆಳಗಿತ್ತು, ಅದು ಗೊತ್ತಿದ್ದವರು ನಾವಿಬ್ಬರೇ.

ಅಧಿಕಾರಿ ನೀರು ಕುಡಿಯಲು ಒಳಗೆ ಹೋದಾಗ ದೊರೆಸ್ವಾಮಿ ನನ್ನ ಮೊಣಕೈ ಹಿಡಿದರು. "ರಿಪೇರಿ ಆದ ದಿನವೇ ತಗೊಂಡ್ಹೋದ ಅಂತ ಹೇಳ್ಬಿಡು. ಹಳ್ಳಿಯವನು, ಆರು ತಿಂಗಳಲ್ಲಿ ಬಿಟ್ಟುಬಿಡ್ತಾರೆ."

"ಅವನೇನು ಮಾಡಿದ್ದ ಸಾರ್?"

"ನಿಂಗೆ ಕೆಲಸ ಕಲಿಸಿದ್ದು ಯಾರು?"

ಅವರೇ. ನಳಿಗೆಯೊಳಗೆ ಬೆಳಕು ಹಿಡಿದು ನೋಡುವುದರಿಂದ ಹಿಡಿದು ಎಲ್ಲವೂ.

ಅಧಿಕಾರಿ ಹೊರಬಂದು ನನ್ನ ಮುಂದೆ ನಾಲ್ಕು ಫೋಟೋ ಹಾಕಿದರು. ಮೂರರಲ್ಲಿ ಹೊಟ್ಟೆಯ, ತೊಡೆಯ ನಾಲ್ಕು ತೂತುಗಳು. ಒಂದೊಂದರ ಸುತ್ತಲೂ ಹುಳು. ನಾಲ್ಕನೆಯದರಲ್ಲಿ ಮುಖ. ಕೆಳದವಡೆ ಮುರಿದು ಪಕ್ಕಕ್ಕೆ ಜೋತಿತ್ತು. "ಎರಡು ದಿನ ನೀರಿನ ಹತ್ತಿರವೇ ನಿಂತಿತ್ತು ಅಂತ ಕಾಣತ್ತೆ, ಹೆಜ್ಜೆಯೆಲ್ಲ ಅಲ್ಲೇ ಇದೆ. ಮೂತಿ ಅದ್ದಿದೆ. ಕುಡಿಯಕ್ಕಾಗಿಲ್ಲ" ಎಂದರು.

ನಾನು ಎಲ್ಲವನ್ನೂ ಹೇಳಿದೆ. ಚೀಟಿ ಕಟ್ಟದ ನನ್ನ ತಪ್ಪು, ಕ್ವಾರಿ, ನಾನು ಜೀಪು ಹತ್ತಿದ್ದು, ಐದು ತೋಟಾ. ಹೇಳುವಾಗ ದೊರೆಸ್ವಾಮಿ ನನ್ನ ಎದುರಿಗೇ ಕುಳಿತಿದ್ದರು. ನಡುವೆ ಒಂದೇ ಸಲ ಬಾಯಿ ಹಾಕಿದರು: "ಒಂಬತ್ತು, ಎಂಟಲ್ಲ" ಎಂದು, ಕ್ವಾರಿಯಲ್ಲಿ ಹಾರಿಸಿದ ಗುಂಡುಗಳ ಲೆಕ್ಕ ತಿದ್ದಲು.

ಮಾದಪ್ಪನನ್ನು ಬಿಟ್ಟರು. ಅಂಗಡಿಗೆ ಬೀಗ ಬಿತ್ತು, ನನ್ನ ಕೆಲಸವೂ ಹೋಯಿತು. ಗಿರಿರಾಜನ ವಕೀಲರು ಕೇಸನ್ನು ವರ್ಷಗಟ್ಟಲೆ ಎಳೆದರು. ದೊರೆಸ್ವಾಮಿ ಜಾಮೀನಿನ ಮೇಲೆ ಬಂದು ಹಾಸಿಗೆ ಹಿಡಿದರು.

ಒಂದು ಭಾನುವಾರ ಬೆಳಿಗ್ಗೆ ಹಲಸೂರಿನ ಅವರ ಮನೆಗೆ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. "ವಾ ತಂಬಿ" ಎಂದು ಮಂಚದ ತುದಿ ತೋರಿಸಿದರು. ಅವರ ಸೊಸೆ ಕಾಫಿ ತಂದಿಟ್ಟು ಒಳಗೆ ಹೋದರು. ಆಕೆ ಮರೆಯಾಗುವುದನ್ನೇ ಕಾದಿದ್ದವರಂತೆ ಬಾಗಿ ಕೇಳಿದರು.

"ನೀನು ಫೋಟೋ ನೋಡಿದೀಯಲ್ಲ. ನನಗೆ ತೋರಿಸ್ಲೇ ಇಲ್ಲ. ಮುಖಕ್ಕೆ ಬಿದ್ದಿದ್ದು ಎಲ್ಲಿ?"

"ದವಡೆಗೆ."

"ಎಡಕ್ಕಾ, ಬಲಕ್ಕಾ?"

"ಎಡಕ್ಕೆ."

"ಹಾಂ, ಅದೇ ಮೊದಲನೇದು. ಟ್ರಿಗರ್ ಎಳೆಯೋವಾಗ ಜಗ್ಗಿಬಿಟ್ಟ ಅವನು." ಕಣ್ಣು ಹೊಳೆಯುತ್ತಿದ್ದವು. "ಆ ದೊಡ್ಡ ರೈಫಲ್ ಆಗಿದ್ರೆ ದವಡೆಗೆ ಬಿದ್ರೂ ಅಲ್ಲೇ ಕೂರ್ತಿತ್ತು, ನೋಡು. ನಾನು ಹೇಳಿರ್ಲಿಲ್ವಾ?"

"ಅದು ಎರಡು ದಿನ ನೀರಲ್ಲಿ ಮೂತಿ ಇಟ್ಕೊಂಡು ನಿಂತಿತ್ತಂತೆ ಸಾರ್."

ಅವರು ನನ್ನನ್ನು ನೋಡಿದರು. ಮಾತು ತಲುಪಿತೆಂದು ಅನ್ನಿಸಿತು. ಆದರೆ ಅವರು ಕೈ ಚಾಚಿ ಲೋಟವನ್ನು ನನ್ನ ಕಡೆ ಸರಿಸಿದರು.

"ಕುಡಿ, ಆರೋಗತ್ತೆ. ಉಳಿದ ನಾಲ್ಕು ಎಲ್ಲೆಲ್ಲಿ, ಸರಿಯಾಗಿ ನೆನಪು ಮಾಡ್ಕೊಂಡು ಹೇಳು."

ನನಗೆ ನಾಲ್ಕೂ ನೆನಪಿದ್ದವು. ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುವಾಗ ಒಳಗಿನಿಂದ, "ಹೊಟ್ಟೆಗಾ ತಂಬಿ? ಹೊಟ್ಟೆಗೇ ಇರ್ಬೇಕು" ಎನ್ನುವುದು ಕೇಳಿಸಿತು. ಮುಂದಿನ ವರ್ಷ ಅವರು ತೀರಿಕೊಂಡರೆಂದು ಮಾಲೀಕರು ಹೇಳಿಕಳಿಸಿದರು. ಮಣ್ಣಿಗೆ ಹೋಗಲೆಂದು ಬಸ್ ಸ್ಟಾಪಿನ ತನಕ ನಡೆದೆ. ಹಲಸೂರಿನ ಬಸ್ಸು ಬಂದು ನಿಂತಿತು, ಹೊರಟಿತು. ನಾನು ಹತ್ತಲಿಲ್ಲ.