ಅಂಗಿಯ ಜೇಬಿನ ಸೀಮೆಸುಣ್ಣ

ಮೊನ್ನೆ ಮೊನ್ನೆಯವರೆಗೂ ನನ್ನ ಅಂಗಿಯ ಎಡಜೇಬಿನಲ್ಲಿ ಒಂದು ತುಂಡು ಸೀಮೆಸುಣ್ಣ ಇರುತ್ತಿತ್ತು. ನಾನು ಮೇಷ್ಟ್ರಲ್ಲ. ಲಾಸ್ ಏಂಜಲೀಸಿನಿಂದ ದಕ್ಷಿಣಕ್ಕಿರುವ ರಾಂಚೊ ಬರ್ನಾರ್ಡೊದ ಒಂದು ಕಂಪನಿಯಲ್ಲಿ ಅಳತೆಯ ಯಂತ್ರಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಅಳೆದು ನೋಡುವುದು ನನ್ನ ಕಸುಬು, ಅಲ್ಲಿ ಕರಿಹಲಗೆ ಎಂಬುದನ್ನು ಯಾರೂ ಕಣ್ಣಿನಿಂದ ಕಂಡಿಲ್ಲ. ವಾಷಿಂಗ್ ಮೆಷಿನ್ನಿಗೆ ಬಟ್ಟೆ ಹಾಕುವಾಗ ಜೇಬು ತಡವಿ ನೋಡುವ ಅಭ್ಯಾಸ ನನಗಿಲ್ಲ, ನೋಡುತ್ತಿದ್ದವರು ಈಗ ಮನೆಯಲ್ಲಿಲ್ಲ. ಹೀಗಾಗಿ ವಸಂತ ಬಂತೆಂದರೆ ನನ್ನ ಕಪ್ಪು ಪ್ಯಾಂಟುಗಳೆಲ್ಲ ಮೈತುಂಬ ವಿಭೂತಿ ಬಳಿದುಕೊಂಡು ಮೆಷಿನ್ನಿನಿಂದ ಹೊರಬರುತ್ತಿದ್ದವು, ನಾನೂ ಕೊಡವಿ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದೆ.

ಈ ಸುಣ್ಣ ಯಾಕೆಂದು ಹೇಳುತ್ತೇನೆ, ಆದರೆ ನೀವು ಮುಖ ಸಿಂಡರಿಸಬಾರದು. ನಾನು ಟರ್ಕಿ ಕೋಳಿಯ ಬೇಟೆಗೆ ಹೋಗುತ್ತೇನೆ. ಕಾನೂನಿನ ಪ್ರಕಾರವೇ, ಲೈಸೆನ್ಸ್ ಇಟ್ಟುಕೊಂಡು, ವಸಂತದ ಕೆಲವೇ ವಾರಗಳು, ಅದೂ ಗಂಡುಹಕ್ಕಿಗೆ ಮಾತ್ರ. ನಮ್ಮ ಕನ್ನಡದವರ ಯುಗಾದಿ ಊಟದಲ್ಲಿ ಈ ಸಂಗತಿ ಹೊರಬಿದ್ದ ದಿನ, ಪಕ್ಕದ ಪೆನಾಸ್ಕಿಟೋಸ್ ಬಡಾವಣೆಯ ಆಂಟಿಯೊಬ್ಬರು ನನ್ನ ತಟ್ಟೆಗೆ ಹೋಳಿಗೆ ಬಡಿಸಲು ಬಂದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ, “ಅಯ್ಯೋ, ನೋಡೋಕೆ ಎಷ್ಟು ಸಾಧು ಥರ ಇದೀರ!” ಎಂದರು. ಹೋಳಿಗೆ ಕೊನೆಗೂ ಬಿತ್ತು, ತುಪ್ಪ ಬೀಳಲಿಲ್ಲ.

ಈ ಬೇಟೆಯಲ್ಲಿ ಬೇಟೆಗಾರ ಹಕ್ಕಿಯ ಹಿಂದೆ ಓಡುವುದಿಲ್ಲ. ಓಕ್ ಮರದ ಬುಡಕ್ಕೆ ಒರಗಿ ಕೂತು, ಗೇಣುದ್ದದ ಒಂದು ಮರದ ಪೆಟ್ಟಿಗೆಯ ಮುಚ್ಚಳವನ್ನು ಅದರ ಅಂಚಿಗೆ ಮೆಲ್ಲಗೆ ಉಜ್ಜುತ್ತಾನೆ. ಆಗ ಅದರೊಳಗಿನಿಂದ ಹೆಣ್ಣು ಟರ್ಕಿಯ ಕೂಗು ಹೊರಡುತ್ತದೆ, ಅದನ್ನು ಕೇಳಿದ ಗಂಡು ಎದುರಿನ ಗುಡ್ಡದಿಂದ ಗಳಗಳನೆ ಓಗೊಟ್ಟು, ಮಂಜಿನ ನಡುವೆ ಬಾಲ ಬಿಚ್ಚಿಕೊಂಡು ಹುಡುಕುತ್ತಾ ಬರುತ್ತದೆ. ಮುಚ್ಚಳಕ್ಕೆ ಆಗಾಗ ಸೀಮೆಸುಣ್ಣ ಸವರಬೇಕು. ಸವರದಿದ್ದರೆ ಮರದ ಮೇಲೆ ಮರ ಸುಮ್ಮನೆ ಜಾರುತ್ತದೆ, ದನಿ ಏಳುವುದಿಲ್ಲ.

ಈ ವಿದ್ಯೆಯನ್ನು ಕಲಿಸಿದವನು ಹನುಮಂತ. ಸುರಪುರದ ಕಡೆಯವನು, ಸ್ಕ್ರಿಪ್ಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ನನ್ನ ಪಕ್ಕದ ಬೀದಿಯವನು. ಅವನ ಅಜ್ಜ ಪಂಜರದಲ್ಲಿ ಸಾಕಿದ ಕೌಜುಗವನ್ನು ಹೊಲದ ಬದುವಿನಲ್ಲಿಟ್ಟು ಕೂಗಿಸಿ, ಜಗಳಕ್ಕೆಂದು ಬಂದ ಕಾಡು ಕೌಜುಗಗಳನ್ನು ಉರುಳಿನಲ್ಲಿ ಹಿಡಿಯುತ್ತಿದ್ದನಂತೆ. ನಾನು ಅವನಿಂದ ಕಲಿತದ್ದು ಕೊರೊನಾದ ವರ್ಷ. ನಾನೂ ನನ್ನ ಹೆಂಡತಿಯೂ ಜಗಳವಿಲ್ಲದೆ, ಹೆಚ್ಚು ಮಾತೂ ಇಲ್ಲದೆ ಬೇರೆಯಾಗಿದ್ದೆವು. ಮಗಳು ಓದಲೆಂದು ಲಾಸ್ ಏಂಜಲೀಸಿನಲ್ಲಿದ್ದಳು. ಇಡೀ ದಿನ ಪರದೆಯ ಮುಂದೆ ಕೂತು ಸಂಜೆ ಗೋಡೆ ನೋಡುತ್ತಿದ್ದ ನನ್ನನ್ನು ಹನುಮಂತ ಕೈಹಿಡಿದು ಎಳೆದುಕೊಂಡು ಹೋದ. “ಮನ್ಯಾಗ ಕುಂತು ಏನ್ ಮಾಡ್ತಿಯೋ ಮಾರಾಯ, ನಡಿ, ನಾಕ್ ಮಂದಿ ಇಲ್ಲದ ಕಡಿ ಹೋಗೂಣು,” ಎಂದ. ಅವನು ಕಲಿಸಿದ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ: “ಕೂಗಿನ ಕಡಿ ನೀ ಹೋಗಬ್ಯಾಡ. ಕೂಗು ನಿನ್ನ ಕಡಿ ಬರ್ಲಿ.” ಕಾಡಿನಲ್ಲಿ ಕೇಳುವ ಕೂಗು ಹಕ್ಕಿಯದೋ ಮನುಷ್ಯನದೋ ಹೇಳುವುದು ಕಷ್ಟ, ಹುಡುಕಿಕೊಂಡು ಹೋದವನು ಮನುಷ್ಯನನ್ನು ಹೊಡೆದಾನು ಎಂಬುದು ಅದರ ಅರ್ಥ.

ಅವನದೇ ಇನ್ನೊಂದು ಪದ್ಧತಿಯಿತ್ತು. ನಾವಿಬ್ಬರೂ ಬೇರೆ ಬೇರೆ ಕಾರಿನಲ್ಲಿ ಹೋಗುತ್ತಿದ್ದೆವು, ಯಾಕೆಂದರೆ ಅವನು ಹೊತ್ತಿಗೆ ಮುಂಚೆ ಏಳುವವನು, ನಾನು ಅಲಾರಾಮನ್ನು ಮೂರು ಸಲ ಬೈದು ಏಳುವವನು. ಕಾರು ನಿಲ್ಲಿಸುವ ತಿರುವಿನಲ್ಲಿ ಊಟದ ಮಣೆಯಷ್ಟು ಚಪ್ಪಟೆಯಾದ ಒಂದು ಬಂಡೆಯಿದೆ. ಮೊದಲು ಬಂದವನು ತಾನು ಹೋಗುವ ದಿಕ್ಕಿಗೆ ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಬಾಣ ಬರೆಯಬೇಕು, ತಡವಾಗಿ ಬಂದವನು ಅದನ್ನು ನೋಡಿ ಬೇರೆ ದಿಕ್ಕು ಹಿಡಿದು ತನ್ನದನ್ನೂ ಬರೆಯಬೇಕು. ಹಿಂದಿರುಗಿದವನು ತನ್ನ ಬಾಣವನ್ನು ಅಂಗೈಯಿಂದ ಒರೆಸಿ ಹೋಗಬೇಕು. ಒರೆಸಿದ ಬಿಳಿ ಮಸುಕು ಕಂಡರೆ ಹನುಮಂತ ಸುಖವಾಗಿ ಮನೆ ಸೇರಿದ ಎಂದು ನನಗೆ ಸಮಾಧಾನ.

ಸ್ನೇಹಿತರನ್ನು ಕಳೆದುಕೊಳ್ಳಲು ಅವರು ಸಾಯಬೇಕಾಗಿಲ್ಲ, ಟೆಕ್ಸಾಸಿಗೆ ಹೋದರೂ ಸಾಕು. ಇಲ್ಲಿ ಕೊಳ್ಳಲಾಗದ ಮನೆಯನ್ನು ಅಲ್ಲಿ ಕೊಳ್ಳಬಹುದೆಂದು ಹನುಮಂತ ಸಂಸಾರ ಸಮೇತ ಹೊರಟುಹೋದ. ಹೋಗುವಾಗ ತನ್ನ ಕೂಗುಪೆಟ್ಟಿಗೆಯನ್ನೂ ಒಂದು ಡಬ್ಬಿ ಸೀಮೆಸುಣ್ಣವನ್ನೂ ನನ್ನ ಕೈಗಿಟ್ಟ. ಅಲ್ಲಿ ಕಾಡೆಲ್ಲ ಯಾರದೋ ಬೇಲಿಯೊಳಗೇ ಇದೆಯೆಂದು ಈಗ ಫೋನಿನಲ್ಲಿ ಗೊಣಗುತ್ತಾನೆ. ನಾನು ಸಮಾಧಾನ ಹೇಳುತ್ತೇನಾದರೂ ಒಳಗೊಳಗೆ ಸ್ವಲ್ಪ ಖುಷಿಪಡುತ್ತೇನೆ. ಬಿಟ್ಟುಹೋದವರ ಮೇಲೆ ಅಷ್ಟು ಸಿಟ್ಟು ಇರಬಾರದೇ?

ಇಲ್ಲಿನ ಸರ್ಕಾರಿ ಕಾಡಿಗೆ ಬೇಲಿಯಿಲ್ಲ, ಆದರೆ ಅದು ಎಲ್ಲರದೂ ಆಗಿರುವುದೇ ಅದರ ಕಷ್ಟ. ಕೊರೊನಾ ಕಾಲದಲ್ಲಿ ಮನೆಯಿಂದ ಹೊರಬಿದ್ದ ಜನ ಆಮೇಲೂ ಕಾಡನ್ನು ಮರೆಯಲಿಲ್ಲ. ಬೆಳಕು ಹರಿಯುವ ಮುನ್ನವೇ ತಿರುವಿನಲ್ಲಿ ಐದಾರು ಟ್ರಕ್ಕುಗಳು ನಿಂತಿರುತ್ತವೆ, ನಂಬರ್ ಪ್ಲೇಟಿನ ಚೌಕಟ್ಟಿನ ಮೇಲೆ ಲಾಸ್ ಏಂಜಲೀಸಿನ ಗಾಡಿ ಮಾರಾಟಗಾರರ ಹೆಸರುಗಳಿರುತ್ತವೆ. ಪಾಪ, ಅಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಬಂದವರು ಸುಮ್ಮನೆ ಕೂರುತ್ತಾರೆಯೇ? ಪ್ರತಿ ಗುಡ್ಡದಿಂದಲೂ ಹೆಣ್ಣುಹಕ್ಕಿಯ ಕೂಗು. ಇಷ್ಟೊಂದು ಹೆಣ್ಣುಗಳು ಏಕಾಏಕಿ ಪ್ರೀತಿಗೆ ಕರೆದರೆ ಯಾವ ಗಂಡಿಗೂ ಅನುಮಾನ ಬರುತ್ತದೆ. ಋತು ಶುರುವಾದ ಎರಡನೆಯ ವಾರಕ್ಕೆ ಹಕ್ಕಿಗಳು ಬಾಯಿ ಮುಚ್ಚಿಬಿಡುತ್ತವೆ. ಹನುಮಂತ ಹೋದಮೇಲೆ ಬಂಡೆಯ ಮೇಲೆ ಬಾಣ ಬರೆಯುವುದನ್ನೂ ನಾನು ನಿಲ್ಲಿಸಿದ್ದೆ. ಓದುವವನೇ ಇಲ್ಲದ ಮೇಲೆ ಬರೆದೇನು ಫಲ ಎಂದುಕೊಂಡೆ.

ಎರಡು ವಸಂತದ ಹಿಂದೆ, ಅಂಥದೇ ಒಂದು ಮೂಕ ಬೆಳಗಿನಲ್ಲಿ, ನನ್ನ ಪೆಟ್ಟಿಗೆಯ ಕೂಗಿಗೆ ಉತ್ತರ ಬಂತು. ಗಂಡಿನದಲ್ಲ, ಇನ್ನೊಂದು ಹೆಣ್ಣಿನದು. ಹೆಣ್ಣು ಬಂದರೆ ಹಿಂದೆಯೇ ಗಂಡೂ ಬರಬಹುದು, ಆದ್ದರಿಂದ ನಾನು ಮತ್ತೆ ಉಜ್ಜಿದೆ, ಅದು ಮತ್ತೆ ಓಗೊಟ್ಟಿತು. ಹೀಗೆ ಒಂದು ಗಂಟೆಗೂ ಮಿಕ್ಕಿ ನಡೆಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ವರ್ಷವೆಲ್ಲ ಯಾರೊಡನೆಯೂ ನಾನು ಅಷ್ಟು ಹೊತ್ತು ಮಾತಾಡಿರಲಿಲ್ಲ. ಹಕ್ಕಿ ಸಿಗಬೇಕೆಂಬ ಆಸೆಗಿಂತ ಈ ಮಾತು ಮುಗಿಯಬಾರದೆಂಬ ಆಸೆಯೇ ದೊಡ್ಡದಾಯಿತು. ಆಮೇಲೆ ಉತ್ತರ ಒಮ್ಮೆಲೇ ನಿಂತುಹೋಯಿತು. ಐದು ನಿಮಿಷ, ಹತ್ತು ನಿಮಿಷ ಕಾದೆ. ತಡೆಯಲಾಗಲಿಲ್ಲ. ಹನುಮಂತನ ಪಾಠವನ್ನು ಮರೆತು, ಕೋವಿ ಹಿಡಿದು ಬಗ್ಗಿಕೊಂಡು, ಕೂಗು ಬಂದ ಕಡೆಗೇ ನಡೆದೆ.

ಪೊದೆಯ ಸಂದಿಯಲ್ಲಿ ಏನೋ ಬೆಳ್ಳಗೆ ಅಲುಗಿತು. ಗಂಡು ಟರ್ಕಿಯ ನೆತ್ತಿ ಬೆಳ್ಳಗಿರುತ್ತದೆ. ನಾನು ಕೋವಿಯನ್ನು ಹೆಗಲಿಗೇರಿಸಿ, ಗುಂಡು ಹಾರದಂತೆ ತಡೆಯುವ ಸೇಫ್ಟಿಯನ್ನು ಸರಿಸಿದೆ.

ಆಗ ಪೊದೆಯ ಆಚೆ ಯಾರೋ ಕೆಮ್ಮಿದರು.

ಬೆಳ್ಳಗಿದ್ದದ್ದು ಸೀಮೆಸುಣ್ಣ. ಎಪ್ಪತ್ತರ ಆಸುಪಾಸಿನ ಒಬ್ಬ ಮುದುಕರು ಮರದ ಬುಡದಲ್ಲಿ ಕೂತು ತಮ್ಮ ಪೆಟ್ಟಿಗೆಯ ಮುಚ್ಚಳಕ್ಕೆ ಸುಣ್ಣ ಸವರುತ್ತಿದ್ದರು. ಅದಕ್ಕೇ ಕೂಗು ನಿಂತಿದ್ದು. ನಾನು ಕೋವಿ ಇಳಿಸಿ, ಸೇಫ್ಟಿ ಮತ್ತೆ ಹಾಕಿ, ಎದುರು ಹೋಗಿ ನಿಂತೆ. ಹೆಸರು ಬೆನ್ನಿ ಎಂದರು, ಫಿಲಿಪೀನ್ಸ್ ಮೂಲದವರು, ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಪೆಟ್ಟಿಗೆಗಳನ್ನು ಪರಸ್ಪರ ತೋರಿಸಿಕೊಂಡು ಇಬ್ಬರೂ ನಕ್ಕೆವು. “ಕೆಮ್ಮು ಜೋರಾಗಿದೆಯಲ್ಲ,” ಎಂದದ್ದಕ್ಕೆ, “ಅಲರ್ಜಿ, ಓಕ್ ಮರದ ಹೂವಿನ ಪುಡಿ,” ಎಂದರು. ನಾನು ಕೋವಿ ಎತ್ತಿದ್ದೆನೆಂಬುದನ್ನು ಮಾತ್ರ ಹೇಳಲಿಲ್ಲ.

ಆಮೇಲೆ ತಿಂಗಳುಗಟ್ಟಲೆ, ಆಫೀಸಿನ ಮೀಟಿಂಗಿನ ನಡುವೆ, ಟೂತ್‌ಬ್ರಷ್ಷಿಗೆ ಪೇಸ್ಟ್ ಹಾಕುವಾಗ, ಆ ಬಿಳಿ ಚುಕ್ಕೆ ಕಣ್ಣ ಮುಂದೆ ಅಲುಗುತ್ತಿತ್ತು. ಮನುಷ್ಯರೇ ಬಾರದ ಜಾಗ ಬೇಕು, ತಪ್ಪು ಮಾಡಲು ಎದುರಿಗೆ ಯಾರೂ ಇರಬಾರದು ಎಂದು ತೀರ್ಮಾನಿಸಿದೆ. ಅಂದರೆ ಖಾಸಗಿ ಜಮೀನು, ಅಂದರೆ ಯಾರದಾದರೂ ಬಾಗಿಲು ತಟ್ಟಿ ಅನುಮತಿ ಕೇಳುವುದು. ರಾಮೋನಾ ಊರಿನ ಆಚೆಯ ರ್ಯಾಂಚುಗಳ, ಅಂದರೆ ದನಕುದುರೆ ಸಾಕುವ ದೊಡ್ಡ ಜಮೀನುಗಳ, ಬಾಗಿಲು ತಟ್ಟುವಾಗಲೂ ನಮ್ಮ ಬುದ್ಧಿ ಎಲ್ಲಿಗೆ ಹೋಗುತ್ತದೆ? ಬರಿಗೈಯಲ್ಲಿ ಇನ್ನೊಬ್ಬರ ಮನೆಗೆ ಹೋಗಿ ಗೊತ್ತಿಲ್ಲ. ಪ್ರತಿ ಮನೆಗೂ ಒಂದೊಂದು ಡಬ್ಬಿ ಕೋಡುಬಳೆ ಒಯ್ದೆ. ಒಬ್ಬರು ನಾನು ಮಾರಲು ಬಂದವನೆಂದು ತಿಳಿದು ಬೇಡವೆಂದರು, ಇನ್ನೊಬ್ಬರು ಕೋಡುಬಳೆ ಇಟ್ಟುಕೊಂಡು ನನ್ನನ್ನು ಮಾತ್ರ ಕಳಿಸಿದರು. ಐದನೆಯ ಮನೆಯಲ್ಲಿ ಡೊರೊತಿ ಎಂಬ ಅಜ್ಜಿ ಒಂದನ್ನು ಕಟುಮ್ಮನೆ ಕಡಿದು, ಖಾರಕ್ಕೆ ಕಣ್ಣೊರೆಸಿಕೊಂಡು, ಇನ್ನೊಂದನ್ನು ಎತ್ತಿಕೊಂಡರು. ಅವರ ಷರತ್ತು ಎರಡು: ಜೋತುಬಿದ್ದ ಗೇಟನ್ನು ರಿಪೇರಿ ಮಾಡಿಕೊಡಬೇಕು, ಮತ್ತು ಒಬ್ಬನೇ ಬರಬೇಕು. “ನಿನಗೆ ಮಾತ್ರ. ನಿನ್ನ ಗೆಳೆಯನಿಗಲ್ಲ, ಗೆಳೆಯನ ಗೆಳೆಯನಿಗೂ ಅಲ್ಲ.” ಕರೆದುಕೊಂಡು ಬರಲು ನನಗೆ ಯಾರಿದ್ದಾರೆ ಎಂದುಕೊಂಡು ಬೀಗದ ಕೈ ತೆಗೆದುಕೊಂಡೆ.

ಕಳೆದ ವಸಂತದ ಮೊದಲ ಬೆಳಿಗ್ಗೆ, ಡೊರೊತಿಯ ಗುಡ್ಡದಲ್ಲಿ, ಪೆಟ್ಟಿಗೆಯನ್ನು ಒಂದೇ ಸಲ ಉಜ್ಜಿದ್ದು. ಗಂಡು ತಕ್ಷಣ ಓಗೊಟ್ಟಿತು, ಮೋಸ ಕಂಡರಿಯದ ಹಕ್ಕಿ ನೇರ ಎದುರಿಗೇ ನಡೆದುಬಂತು. ಹೊಡೆದೆ. ಕಾಡು ಮತ್ತೆ ನಿಶ್ಶಬ್ದವಾಯಿತು. ಇನ್ನೂ ಬೆಚ್ಚಗಿದ್ದ ಅದರ ಕಂಚುಬಣ್ಣದ ಗರಿಗಳ ಮೇಲೆ ಕೈಯಿಟ್ಟು ಕೂತೆ, ಒಬ್ಬರಿಗೆ ಹೇಳಬೇಕೆನಿಸಿತು. ಹನುಮಂತ ಫೋನ್ ಎತ್ತಲಿಲ್ಲ. ಅಷ್ಟು ದೊಡ್ಡ ಹಕ್ಕಿಯನ್ನು ಒಬ್ಬನೇ ಶುಚಿಮಾಡಿ, ಒಬ್ಬನೇ ಮಸಾಲೆ ಅರೆದು, ಎರಡು ದೊಡ್ಡ ಪಾತ್ರೆ ಸಾರು ಮಾಡಿದೆ. ಒಂದು ಡಬ್ಬಿ ತುಂಬಿಕೊಂಡು ಲಾಸ್ ಏಂಜಲೀಸಿಗೆ ಹೋದರೆ, ಮಗಳು ಬಾಗಿಲಲ್ಲೇ, “ಅಪ್ಪಾ, ಐ ಟೋಲ್ಡ್ ಯು, ಐ ಆ್ಯಮ್ ವೀಗನ್ ನೌ,” ಎಂದಳು. ಹೌದು, ಮಾಂಸ, ಹಾಲು ಯಾವುದನ್ನೂ ಮುಟ್ಟುವುದಿಲ್ಲವೆಂದು ಹೇಳಿದ್ದಳು. ನಾನು ಕೇಳಿಸಿಕೊಂಡಿರಲಿಲ್ಲ. ಡಬ್ಬಿ ಅವಳ ರೂಮಿನ ಗೆಳತಿಗೆ ಹೋಯಿತು. ಉಳಿದದ್ದನ್ನು ಹನ್ನೆರಡು ದಿನ, ಬೆಳಿಗ್ಗೆ ದೋಸೆಗೂ ಸಂಜೆ ಮುದ್ದೆಗೂ, ಒಬ್ಬನೇ ಉಂಡು ಮುಗಿಸಿದೆ. ಅಷ್ಟು ಒಂಟಿತನ ನನಗೆ ಗೋಡೆ ನೋಡುತ್ತಿದ್ದ ಕಾಲದಲ್ಲೂ ಆಗಿರಲಿಲ್ಲ.

ಆ ಋತು ಪೂರ್ತಿ ಸರ್ಕಾರಿ ಕಾಡಿನ ಕಡೆ ತಲೆ ಹಾಕಲಿಲ್ಲ. ಈ ವಸಂತ, ಬೆನ್ನಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಡೊರೊತಿಯನ್ನು ಕೇಳಿಯೂ ನೋಡಿದೆ, ಒಬ್ಬ ಮುದುಕರನ್ನು ಕರೆತರಲೇ ಎಂದು. ಆಗದು ಎಂದರು. ಅವರ ಜಮೀನು, ಅವರ ಮಾತು. ಗೇಟಿಗೆ ಎಣ್ಣೆ ಬಿಟ್ಟು, ಬೀಗದ ಕೈಯನ್ನು ಹಿಂದಕ್ಕೆ ಕೊಟ್ಟು, ಮರು ಶನಿವಾರ ಹಳೆಯ ತಿರುವಿಗೆ ಹೋದೆ. ಟ್ರಕ್ಕುಗಳ ಸಾಲಿನ ಕೊನೆಯಲ್ಲಿ ಬೆನ್ನಿ ತಮ್ಮ ಕಾರಿಗೆ ಒರಗಿ ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದರು. ಮುನ್ನುಡಿಯಿಲ್ಲದೆ ಹೇಳಿಬಿಟ್ಟೆ: ಅವತ್ತು ನಿಮ್ಮತ್ತ ಕೋವಿ ಎತ್ತಿದ್ದೆ, ನೀವು ಕೆಮ್ಮದಿದ್ದರೆ ಹೊಡೆದುಬಿಡುತ್ತಿದ್ದೆ.

ಅವರು ಕಾಫಿಯ ಲೋಟವನ್ನು ಕಾರಿನ ಬಾನೆಟ್ಟಿನ ಮೇಲಿಟ್ಟರು. ಆಮೇಲೆ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು: “ಗೊತ್ತು. ಸೇಫ್ಟಿ ಸರಿಸಿದ್ದು ಟಿಕ್ ಅಂತ ಕೇಳಿಸ್ತು. ಅದಕ್ಕೇ ಕೆಮ್ಮಿದ್ದು.”

ಅಲರ್ಜಿ ಎಂದದ್ದು ನನ್ನ ಮಾನ ಉಳಿಸಲು. ನಮ್ಮ ತಾತ ಹೊರಗಿನಿಂದ ಬಂದವರು ಹೊಸ್ತಿಲ ಆಚೆಯೇ ನಿಂತು ಒಮ್ಮೆ ಕೆಮ್ಮಿ ಒಳಗೆ ಬರುತ್ತಿದ್ದರು, ಒಳಗಿನ ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ ಎಂದು. ನಾನು ಇಲ್ಲಿದ್ದೇನೆ ಎಂದು ತಿಳಿಸಲು ಮನುಷ್ಯನಿಗೆ ಅಷ್ಟು ಸಣ್ಣ ಸದ್ದು ಸಾಕು, ಆ ಕಾಡಿನಲ್ಲಿ ಅದನ್ನು ಮಾಡಬೇಕಾಗಿದ್ದವನು ನಾನು, ಮಾಡಿದವರು ಅವರು. ಯಾಕೆ ಬೈಯಲಿಲ್ಲ ಎಂದು ಕೇಳಿದೆ. “ಅದಕ್ಕೂ ಮೊದಲು ಒಂದು ಗಂಟೆ ಚೆನ್ನಾಗಿ ಮಾತಾಡಿದ್ದೆವಲ್ಲ,” ಎಂದರು. ಅವರ ಹೆಂಡತಿ ಅದರ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರಂತೆ. ಮನೆಯಲ್ಲಿ ಟಿವಿ ಬಿಟ್ಟರೆ ಬೇರೆ ದನಿಯಿರಲಿಲ್ಲವಂತೆ. ಆ ಕೂಗು ಹಕ್ಕಿಯದಲ್ಲವೆಂದು ಅವರಿಗೆ ಅರ್ಧದಲ್ಲೇ ಗೊತ್ತಾಗಿತ್ತು, ಆದರೂ ಓಗೊಡುವುದನ್ನು ನಿಲ್ಲಿಸಲು ಮನಸ್ಸಾಗಿರಲಿಲ್ಲ.

ಅವರನ್ನು ಬಂಡೆಯ ಬಳಿಗೆ ಕರೆದೊಯ್ದು ಹನುಮಂತನ ಪದ್ಧತಿಯನ್ನು ಹೇಳಿದೆ. ಬೆನ್ನಿ ಪೂರ್ವಕ್ಕೆ ಬಾಣ ಬರೆದರು, ನಾನು ಉತ್ತರಕ್ಕೆ. ನಾವು ಜೊತೆಗೆ ಕೂರುವುದಿಲ್ಲ, ಮನೆಗೂ ಹೋಗಿ ಬರುವುದಿಲ್ಲ. ಅಷ್ಟೆಲ್ಲ ಸಲಿಗೆಗೆ ಇಬ್ಬರಿಗೂ ವಯಸ್ಸಾಗಿದೆ. ಆದರೆ ಹಿಂದಿರುಗುವಾಗ ಅವರ ಬಾಣ ಒರೆಸಿದ್ದು ಕಂಡರೆ ನನಗೆ ಹಳೆಯ ಸಮಾಧಾನ ಸಿಗುತ್ತದೆ. ಹಕ್ಕಿಗಳು ಈ ವರ್ಷವೂ ಮೂಕವಾಗಿವೆ.

ಕಳೆದ ಶನಿವಾರ ಬಂಡೆಯ ಮೇಲೆ ಮೂರನೆಯ ಬಾಣವೊಂದಿತ್ತು. ಸುಣ್ಣದ್ದಲ್ಲ, ಯಾರೋ ಹಸಿಮಣ್ಣಿನಲ್ಲಿ ಬೆರಳದ್ದಿ ಎಳೆದದ್ದು, ಪಶ್ಚಿಮಕ್ಕೆ. ಯಾರೆಂದು ಗೊತ್ತಿಲ್ಲ, ಲಾಸ್ ಏಂಜಲೀಸಿನವರಿರಬೇಕು. ನಾನು ಪೆಟ್ಟಿಗೆಯ ಮುಚ್ಚಳಕ್ಕೆ ಬೇಕಾದಷ್ಟು ಸವರಿಕೊಂಡು, ಉಳಿದ ಸೀಮೆಸುಣ್ಣವನ್ನು ಬಂಡೆಯ ಬಿರುಕಿನಲ್ಲಿ ಕಾಣುವಂತೆ ಇಟ್ಟು ಗುಡ್ಡ ಹತ್ತಿದೆ. ಮಧ್ಯಾಹ್ನ ಬರಿಗೈಯಲ್ಲಿ ಇಳಿದು ಬಂದಾಗ ಸುಣ್ಣ ಅಲ್ಲೇ ಇತ್ತು. ಅರ್ಧ ಬೆರಳಿನಷ್ಟು ಸವೆದಿತ್ತು.