ರೋಜಾ ತಿಂಗಳ ಬೀಡಿ ತಕರಾರು

ಇಮಾಮಸಾಬರು ಹೊಳೆಮಣ್ಣೂರಿನವರು. ಮಲಪ್ರಭೆ ಒಂದೇ ಮಳೆಗಾಲದಲ್ಲಿ ಮನೆಯ ಗೋಡೆಯನ್ನೂ ಹೊಲದ ಒಡ್ಡನ್ನೂ ಒಯ್ದ ಮೇಲೆ ಅವರು ನರಗುಂದದ ಹೊರಗಿನ ಹತ್ತಿ ಗಿರಣಿಗೆ ಬಂದು, ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸ ಹಿಡಿದರು. ಅದು ಕೈಬಿಟ್ಟರೆ ಹೆಂಡತಿ ಖಾಜಾಬಿಯನ್ನು ಕರೆದುಕೊಂಡು ಮರಳಲು ಊರಿನಲ್ಲಿ ಏನೂ ಉಳಿದಿರಲಿಲ್ಲ.

ಯಾರ ಮೇಲಾದರೂ ತಕರಾರು ಬಂದರೆ ವಿಚಾರಣೆ ಮುಗಿಯುವವರೆಗೆ ಆತ ಗೇಟಿನ ಹೊರಗೆ ಕೂರಬೇಕೆಂಬುದು ಗಿರಣಿಯ ಪದ್ಧತಿ. ಬಡವರ ಅಳಲು ಮೇಲಿನವರಿಗೆ ಮುಟ್ಟಲೆಂದು ಮಾಡಿದ್ದು. ಅದರ ರುಚಿ ಹತ್ತಿದ್ದು ಮಾತ್ರ ಹತ್ತಿ ಮೂಟೆಯ ಅಂಡಿಗೆ ಹೊರುವ ಹಮಾಲ ಲಕ್ಷ್ಮಪ್ಪನಿಗೆ. ‘ಒಂದು ಕೈ ಹಿಡಿ’ ಎಂದವನ ಮೇಲೆ ತಕರಾರು, ತಾನು ತೂಕಡಿಸುವುದನ್ನು ಕಂಡು ನಕ್ಕವಳ ಮೇಲೂ ತಕರಾರು. ಕಡೆಗೆ ಅವನ ಕಣ್ಣು ನೆರಳಿನಲ್ಲಿ ಮಾಡುವ ಎಣ್ಣೆಯ ಕೆಲಸದ ಮೇಲೆ ಬಿತ್ತು.

೧೯೫೭ರ ಏಪ್ರಿಲ್, ರೋಜಾ ಎಂಬ ಉಪವಾಸ ಹಿಡಿಯುವ ರಂಜಾನ್ ತಿಂಗಳು. ಇಮಾಮಸಾಬರು ಮಟಮಟ ಮಧ್ಯಾಹ್ನ ಹತ್ತಿರಾಶಿಯ ಹಿಂದೆ ಬೀಡಿ ಸೇದಿದರೆಂದು ಲಕ್ಷ್ಮಪ್ಪ ಹೇಳಿದ. ಹತ್ತಿಯ ಬಳಿ ಬೀಡಿ ಎಂದರೆ ಅಲ್ಲಿಗೆ ಅನ್ನದ ಋಣ ತೀರಿದಂತೆ.

ಗೇಟಿನ ಹೊರಗೆ ಕೂತ ಇಮಾಮಸಾಬರನ್ನು ನೋಡಿ ಹೆಣ್ಣಾಳುಗಳು ನಗುತ್ತ ಹೋದರು. “ರೋಜಾ ಇದ್ದಾಂವ ಉಗುಳ ಸೈತ ನುಂಗಂಗಿಲ್ಲ, ಹೊಗಿ ನುಂಗಿದ್ನಂತ! ಲಕ್ಷ್ಮಪ್ಪಗ ಸುಳ್ಳ ಹೇಳಾಕೂ ಬರಂಗಿಲ್ಲ ನೋಡವಾ!”

ಆ ನಗುವಿಗೇ ಇಮಾಮಸಾಬರು ಮುಖ ಬೇರೆಡೆ ತಿರುಗಿಸಿದರು. ಬೀಡಿ ಸೇದಿದರೆಂದ ಆ ಮಧ್ಯಾಹ್ನ ಅವರಿಗೆ ಜ್ವರ. ಹತ್ತಿರಾಶಿಯ ಹಿಂದೆ ತಲೆ ತಿರುಗಿ ಕುಸಿದಾಗ, ಹತ್ತಿ ಹಸನು ಮಾಡುವ ರೇಣವ್ವ ಬೊಗಸೆಗೆ ನೀರು ಹೊಯ್ದಿದ್ದಳು. ರೋಜಾ ಮುರಿದದ್ದನ್ನು ಅವರು ಖಾಜಾಬಿಗೂ ಹೇಳಿರಲಿಲ್ಲ.

ಮರುದಿನ ಮ್ಯಾನೇಜರ್ ಗುರುಸಂಗಪ್ಪನವರು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು.

“ಖರೇನ ಕಂಡೇನ್ರಿ ಸಾಹೇಬ್ರ,” ಎಂದ ಲಕ್ಷ್ಮಪ್ಪ. “ಎರಡೂ ಕೈ ಬಾಯಿಗೆ ಹಿಡದಿದ್ದ, ಚಿಲುಮಿ ಸೇದೂವಾಂಗ.”

“ಇಮಾಮಸಾಬ, ಅವತ್ತ ರೋಜಾ ಇದ್ದ್ಯೋ ಇಲ್ಲೋ? ಇದ್ದೆ ಅಂದ್ರ ಮುಗೀತು, ಒಳಗ ನಡಿ,” ಎಂದರು ಗುರುಸಂಗಪ್ಪನವರು.

ಒಂದೇ ಮಾತು ಸಾಕಿತ್ತು. ರೇಣವ್ವ ತಲೆ ತಗ್ಗಿಸಿದ್ದಳು. ಇಂದು ರೋಜಾ ಹಿಡಿದ ಇಮಾಮಸಾಬರ ಬಾಯಿಂದ ಸುಳ್ಳು ಹೇಗೆ ಹೊರಡಬೇಕು?

“ಇರಲಿಲ್ರಿ. ಜ್ವರ ಬಂದಿತ್ತು, ನೀರ ಕುಡದೆ. ಬೀಡಿ ಮುಟ್ಟಿಲ್ರಿ.”

ಹೆಣ್ಣಾಳುಗಳು ಮುಖ ಮುಖ ನೋಡಿಕೊಂಡರು. “ಕೇಳಿದ್ರ್ಯಾ!” ಎಂದು ಲಕ್ಷ್ಮಪ್ಪ ಎದ್ದ. “ಅರ್ಧಾ ಒಪ್ಪಿದ. ಇನ್ನರ್ಧಾನೂ ಒಪ್ಪತಾನ, ತಡೀರಿ.”

ಗುರುಸಂಗಪ್ಪನವರ ಮುಖ ಬಿಗಿಯಿತು. ಆಗ ರೇಣವ್ವ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು.

“ನೀರ ಹಾಕಿದಾಕಿ ನಾನ್ರೀ. ಅಣ್ಣಾಗ ಮಂದಿ ಒಂದ ಮಾತ ಅಂದಾರಂತ ಬಾಯಿ ಮುಚಗೊಂಡಿದ್ದೆ. ಎರಡೂ ಕೈ ಬೊಗಸಿ ಹಿಡದಾಂವ ಬೀಡಿ ಹಿಡಿಯಾಕ ಮೂರನೇ ಕೈ ಎಲ್ಲಿಂದ ತರ್ತಾನ್ರೀ?”

ಗುರುಸಂಗಪ್ಪನವರು ಲಕ್ಷ್ಮಪ್ಪನನ್ನು ಒಮ್ಮೆ ನೋಡಿ, ಇಮಾಮಸಾಬರ ಕಡೆ ತಿರುಗಿದರು.

“ಒಳಗ ನಡಿ, ಎಣ್ಣಿ ಹಾಕು. ಇನ್ನ ಮ್ಯಾಲೆ ತಕರಾರ ಹೇಳಿದಾಂವನೂ ಗೇಟಿನ ಹೊರಗ ಕೂಡತಕ್ಕದ್ದು. ಇಬ್ಬರನ್ನೂ ಕೂಡೇ ವಿಚಾರಸ್ತೀನಿ.”

ಮುಂದಿನ ವಾರವೇ ಲಕ್ಷ್ಮಪ್ಪ ಮತ್ತೊಂದು ತಕರಾರು ಹೊತ್ತು ಕಚೇರಿಯ ಬಾಗಿಲಿಗೆ ಬಂದ. ಗೇಟಿನ ಹೊರಗೆ ಬಿಸಿಲು ಕಾದ ಹಂಚಿನಂತಿತ್ತು. ಎಣ್ಣೆಯ ಡಬ್ಬಿ ಹಿಡಿದ ಇಮಾಮಸಾಬರು ಯಂತ್ರದ ಬಳಿ ನಿಂತು ನೋಡುತ್ತಿದ್ದರು. ಲಕ್ಷ್ಮಪ್ಪ ಗೇಟಿನತ್ತ ನೋಡಿದ, ತಲೆಯ ರುಮಾಲು ಬಿಚ್ಚಿ ಕಟ್ಟಿಕೊಂಡ, ತಿರುಗಿ ಹೋಗಿ ಅಂಡಿಗೆಗೆ ಹೆಗಲು ಕೊಟ್ಟ.