ಬೇಕರಿಯ ಹಿಂದಿನ ಮನೆ

ಹುದುಗು ಬಂದ ಮೈದಾ ಹಿಟ್ಟಿಗೆ ಒಂದು ಹುಳಿ ವಾಸನೆ ಇರುತ್ತದೆ. ಬೆಂದ ಬ್ರೆಡ್ಡಿನ ವಾಸನೆ ಎಲ್ಲರಿಗೂ ಗೊತ್ತು, ದಾರಿಯಲ್ಲಿ ಹೋಗುವವರೂ ಒಂದು ಗಳಿಗೆ ನಿಂತು ಮೂಗರಳಿಸುತ್ತಾರೆ. ಬೇಯುವುದಕ್ಕೆ ಮೊದಲಿನ ವಾಸನೆ ಮಾತ್ರ ಬೇಕರಿಯ ಒಳಗೆ ಬದುಕಿದವರಿಗಷ್ಟೇ ಗೊತ್ತಿರುವಂಥದ್ದು. ದೋಸೆ ಹಿಟ್ಟಿನ ಹುಳಿಗಿಂತ ಮೆತ್ತಗೆ, ಸ್ವಲ್ಪ ಸಿಹಿ, ಅದರೊಳಗೆ ಒದ್ದೆ ಗೋಣಿಚೀಲದ್ದೂ ಒಂದಿಷ್ಟು ಬೆರೆತಿರುತ್ತದೆ. ಮೊನ್ನೆ ಬಸವೇಶ್ವರನಗರದಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಅರ್ಧ ಎತ್ತಿದ ಶಟರಿನ ಕೆಳಗಿನಿಂದ ಅದು ಹೊರಗೆ ಬಂತು. ನಾನು ನಿಂತುಬಿಟ್ಟೆ. ಒಳಗಿನಿಂದ ಯಾರೋ "ಇನ್ನೂ ಓಪನ್ ಆಗಿಲ್ಲ ಮೇಡಂ" ಎಂದರು. ಏನೂ ಬೇಡ ಎಂದು ಮುಂದೆ ಹೋದೆ. ಮನೆ ತಲುಪುವವರೆಗೂ ತಲೆಯ ತುಂಬ ಶ್ರೀಗಂಧದ ಕಾವಲಿನ ಆ ಮಣ್ಣುರಸ್ತೆಯೇ ಇತ್ತು. ನಿಮಗೂ ಅಂಥದ್ದೊಂದು ವಾಸನೆ ಇರಬಹುದು, ಈಗಿಲ್ಲದ ಮನೆಯೊಂದರ ಬಾಗಿಲಿಗೆ ಕರೆದೊಯ್ದು ನಿಲ್ಲಿಸುವಂಥದ್ದು.

ನಾನು ಶಾಲೆಗೆ ಸೇರುವವರೆಗೆ ಅಪ್ಪ ಎಂದರೆ ಹಬ್ಬಕ್ಕೆ ಬರುವ ನೆಂಟ. ಚನ್ನರಾಯಪಟ್ಟಣದ ಹತ್ತಿರದ ನಮ್ಮ ಹಳ್ಳಿಯಿಂದ ಎಷ್ಟೋ ಗಂಡಸರು ಬೆಂಗಳೂರಿನ ಬೇಕರಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅಪ್ಪನೂ ಮೀಸೆ ಮೂಡುವ ಮೊದಲೇ ಹೋದವನು. ರಾಜಾಜಿನಗರದ ಒಂದು ಬೇಕರಿಯಲ್ಲಿ ದುಡಿದು, ಅಲ್ಲೇ ಮಲಗಿ, ಯುಗಾದಿಗೆ, ಗೌರಿ ಹಬ್ಬಕ್ಕೆ ಊರಿಗೆ ಬರುತ್ತಿದ್ದ. ಬಂದಾಗ ಅವನ ಅಂಗಿಯಲ್ಲಿ, ಕೂದಲಲ್ಲಿ, ಕಿವಿಯ ಹಿಂದೆ ಕೂಡ ಕೇಕಿನ ಪರಿಮಳ ಇರುತ್ತಿತ್ತು. ನಾನು ನಾಚಿಕೆ ಬಿಟ್ಟು ಅವನ ತೊಡೆಯ ಮೇಲೆ ಕೂರುವಷ್ಟರಲ್ಲಿ ಅವನು ಹೊರಟು ನಿಂತಿರುತ್ತಿದ್ದ. ಒಂದು ಸಲ ಬಂದವನು ಒಬ್ಬನೇ ವಾಪಸ್ ಹೋಗಲಿಲ್ಲ. ಸ್ವಂತ ಬೇಕರಿ ಇಡುತ್ತಿದ್ದೇನೆ, ಹಿಂದೆ ಇರುವುದಕ್ಕೆ ಒಂದು ಕೋಣೆಯೂ ಇದೆ ಎಂದು ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಹೊರಟ. ಆಗಲೇ ವಿಜಯನಗರದ ಬೇಕರಿಯೊಂದರಲ್ಲಿ ಓವನ್ ಕೆಲಸ ಕಲಿತಿದ್ದ ತಮ್ಮ ಮಂಜುವನ್ನೂ ಜೊತೆಗೆ ಸೇರಿಸಿಕೊಂಡ. ಇವನು ನನ್ನ ಚಿಕ್ಕಪ್ಪ. ಅವನಿಗಿನ್ನೂ ಮದುವೆಯಾಗಿರಲಿಲ್ಲ.

ಬೆಂಗಳೂರಿನ ಅಂಚಿನ ಶ್ರೀಗಂಧದ ಕಾವಲಿಗೆ ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಿತ್ತು. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಕಲ್ಲುಗಳ ನಡುವೆ ರಾಗಿ ಬೆಳೆದಿತ್ತು. ಅಲ್ಲೊಂದು ಇಲ್ಲೊಂದು ಮನೆ, ಪ್ರತಿ ಮನೆಯ ತಾರಸಿಯ ಮೇಲೂ ಮುಂದೆ ಮಹಡಿ ಕಟ್ಟುವ ಆಸೆಗೆ ಬಿಟ್ಟ ಕಬ್ಬಿಣದ ಸರಳುಗಳು. ಮೂಲೆಯ ಕಟ್ಟಡವನ್ನು ಅಪ್ಪ ಬಾಡಿಗೆಗೆ ಹಿಡಿದಿದ್ದ. ಮುಂದೆ ಅಂಗಡಿ, ಅದರ ಹಿಂದೆ ಹಿಟ್ಟು ಕಲಸಿ ಬೇಯಿಸುವ ಜಾಗ, ಅದಕ್ಕೆ ಅಂಟಿಕೊಂಡು ನಮ್ಮ ಕೋಣೆ. ಕೋಣೆಯ ಒಂದು ಗೋಡೆ ಇಟ್ಟಿಗೆಯ ಓವನ್ನಿನ ಬೆನ್ನು. ಚಳಿಗಾಲದಲ್ಲಿ ನಾನು ಆ ಗೋಡೆಗೆ ಒತ್ತಿಕೊಂಡು ಮಲಗುತ್ತಿದ್ದೆ. ಮಳೆಗಾಲದಲ್ಲಿ ಅಮ್ಮ ನನ್ನ ಯೂನಿಫಾರ್ಮನ್ನು ಅದರ ಮೇಲೆ ಹರಡಿ ಒಣಗಿಸುತ್ತಿದ್ದಳು. ಬೇಸಿಗೆಯಲ್ಲಿ ಮಾತ್ರ ಒಳಗೆ ಕೂರಲಾಗುತ್ತಿರಲಿಲ್ಲ. ಚಾಪೆ ಸುತ್ತಿಕೊಂಡು ತಾರಸಿಗೆ ಹೋಗುತ್ತಿದ್ದೆವು, ಅಲ್ಲಿ ಹೊಂಗೆ ಹೂವಿನ ವಾಸನೆಯೂ ಹೊಸ ಸಿಮೆಂಟಿನ ವಾಸನೆಯೂ ಒಟ್ಟಿಗೇ ಬರುತ್ತಿದ್ದವು.

ಅಂಗಡಿಗೂ ಒಳಭಾಗಕ್ಕೂ ನಡುವೆ ಅಪ್ಪ ಒಂದು ಹಸಿರು ಪರದೆ ಕಟ್ಟಿದ್ದ. ಅಮ್ಮ ಅದರಾಚೆ ಬರುವಂತಿರಲಿಲ್ಲ. ಬಂದ ಹೊಸದರಲ್ಲೇ ಅಪ್ಪ ಹೇಳಿದ್ದ. "ನಮ್ಮನೆ ಹೆಂಗಸ್ರು ಅಂಗಡೀಲಿ ನಿಂತ್ಕೊಳ್ಳೋದು ಬೇಡ. ಜನ ಏನಂತಾರೆ?" ಅಮ್ಮ ಜೋರು ಮಾತಿನವಳಲ್ಲ. ಆದರೂ ಅವತ್ತು, "ಇಲ್ಲಿ ಅನ್ನೋಕೆ ಯಾವ್ ಜನ ಇದಾರೆ?" ಎಂದು ಕೇಳಿದಳು. ಅಪ್ಪ ಬನ್ನುಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಜೋಡಿಸತೊಡಗಿದ. ಊರಿನಲ್ಲಿ ಅಮ್ಮನಿಗೆ ಹಸು, ಹಿತ್ತಲು, ಬೇಲಿಯಾಚೆಯಿಂದ ಕೂಗಿ ಮಾತಾಡಿಸುವವರು ಎಲ್ಲ ಇದ್ದರು. ಇಲ್ಲಿ ಹಿಂದಿನ ಬಾಗಿಲು ತೆರೆದರೆ ಖಾಲಿ ಸೈಟು, ಮುಂದೆ ಪರದೆ. ಯಾರು ಬಂದರು, ಏನು ಕೊಂಡರು, ಯಾವ ಬಣ್ಣದ ಸೀರೆ ಉಟ್ಟಿದ್ದರು ಎಂಬುದನ್ನೆಲ್ಲ ನಾನು ಪರದೆ ದಾಟಿ ಹೋಗಿ ನೋಡಿ ಬಂದು ಹೇಳಬೇಕಿತ್ತು. ಕೇಳುತ್ತ ಕೇಳುತ್ತ ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ತಲೆ ಬಾಚುತ್ತ, "ನಿನ್ ಪರೀಕ್ಷೆ ಮುಗೀಲಿ ಪುಟ್ಟಿ, ನಾವಿಬ್ರೂ ಊರಿಗೆ ಹೋಗ್ಬಿಡೋಣ. ಅಪ್ಪ ಮೊದಲಿನ ಹಾಗೆ ಹಬ್ಬಕ್ಕೆ ಬರ್ತಾರೆ," ಎಂದಳು. ನನಗೆ ಬೇಸರವಾಗಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಊರಿನಲ್ಲಿ ನನ್ನ ಕರು ಇತ್ತು.

ಪರೀಕ್ಷೆಗೆ ಇನ್ನೂ ತಿಂಗಳುಗಟ್ಟಲೆ ಇರುವಾಗ ಅಪ್ಪ ಕೈ ಸುಟ್ಟುಕೊಂಡ. ನಿಪ್ಪಟ್ಟು ಕರಿಯುತ್ತಿದ್ದಾಗ ಒಲೆಯ ಕಾಲು ಜಾರಿ ಬಾಣಲೆ ವಾಲಿತು, ಕಾದ ಎಣ್ಣೆ ಬಲಗೈ ಮೇಲೆ ಸುರಿಯಿತು. ಅಪ್ಪ ಕಿರುಚಲಿಲ್ಲ. ಕೈಯನ್ನು ಮುಂದೆ ಚಾಚಿಕೊಂಡು, ಅದು ಬೇರೆಯವರ ಕೈ ಎನ್ನುವಂತೆ ನೋಡುತ್ತ ನಿಂತಿದ್ದ. ಚಿಕ್ಕಪ್ಪ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದ. ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಊರಿನಿಂದ ತಾತ ಬಂದು ಅವನ ಜೊತೆ ಉಳಿದರು. ಮರುದಿನ ಬೆಳಿಗ್ಗೆ ಚಿಕ್ಕಪ್ಪ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಕೋಣೆಯ ಬಾಗಿಲಲ್ಲಿ ನಿಂತ.

"ಅತ್ತಿಗೆ, ಅಣ್ಣ ಬರೋವರ್ಗೂ ಶಟರ್ ಎಳೆದುಬಿಡೋಣ. ಒಳಗೂ ಹೊರಗೂ ನನ್ ಒಬ್ಬನ ಕೈಲಾಗಲ್ಲ."

"ಇವತ್ತಿಗೆ ಹಿಟ್ಟು ಕಲಸಿದ್ದೀಯಲ್ಲ?"

"ಕಲಸಿದೀನಿ."

"ಹಾಗಾದ್ರೆ ಬೇಯ್ಸು. ಹೊರಗೆ ನಾನ್ ನಿಂತ್ಕೋತೀನಿ."

ಚಿಕ್ಕಪ್ಪ ಓವನ್ನಿನ ಕಡೆ ನಡೆದ. ಅಮ್ಮ ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪರದೆ ಸರಿಸಿ ಹೊರಗೆ ಹೋದಳು. ನಾನು ಅವತ್ತು ಶಾಲೆಗೆ ಹೋಗಲಿಲ್ಲ. ಯಾವ ಡಬ್ಬಿಯಲ್ಲಿ ಏನಿದೆ ಎಂದು ತೋರಿಸುವುದಕ್ಕೆ ಅವಳಿಗೆ ನಾನು ಬೇಕಿತ್ತು.

ಮೊದಲು ಬಂದವನು ಕಾಲೇಜು ಹುಡುಗನಂಥ ಒಬ್ಬ. ಗಾಜಿನೊಳಗೆ ಇಣುಕಿ ನೋಡಿ, ಅಮ್ಮನ ಮುಖ ನೋಡಿ, "ಆಂಟಿ, ದಿಲ್ ಪಸಂದ್ ಕೊಡಿ," ಎಂದ. ಒಳಗೆ ತೆಂಗಿನ ಹೂರಣ ತುಂಬಿ ಬೇಯಿಸುವ ಆ ದುಂಡನೆಯ ತಿಂಡಿಗೆ ಹೊರಗಿನ ಹೆಸರು ಅದು ಎಂದು ಅಮ್ಮನಿಗೆ ಗೊತ್ತಿರಲಿಲ್ಲ. ಅಪ್ಪನೂ ಚಿಕ್ಕಪ್ಪನೂ ತಮ್ಮತಮ್ಮಲ್ಲಿ ಅದನ್ನು ಬರೀ 'ಕೊಬ್ಬರಿ' ಎನ್ನುತ್ತಿದ್ದರು. ದಿಲ್ ಎಂದರೇನು ಎನ್ನುವುದು ಮಾತ್ರ ರೇಡಿಯೋ ಕೇಳಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಮುಖ ಕೆಂಪಾಯಿತು. "ಏನಂದೆ? ಅಕ್ಕತಂಗೀರಿಲ್ವಾ ನಿಂಗೆ?" ಎಂದು ಗದರಿದಳು. ಹುಡುಗ ಬೆರಳು ತೋರಿಸುತ್ತ, "ಅದೇ ಆಂಟಿ, ಅದು, ಆ ಟ್ರೇಲಿರೋದು," ಎಂದು ತೊದಲಿದ. ಒಳಗಿನಿಂದ ಚಿಕ್ಕಪ್ಪ ಓಡಿ ಬಂದ. ರೆಪ್ಪೆಯ ಮೇಲೆಲ್ಲ ಮೈದಾ, ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಿದ್ದ. "ಅತ್ತಿಗೆ, ಅದು ತಿಂಡಿ ಹೆಸ್ರು!" ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಬೆಂಗಳೂರಿಗೆ ಬಂದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಹುಡುಗನಿಗೆ ಕಾಗದದಲ್ಲಿ ಕಟ್ಟಿ ಕೊಡುವಾಗ, "ಬೇಜಾರ್ ಮಾಡ್ಕೋಬೇಡಪ್ಪಾ," ಎಂದು ಒಂದು ಬೆಣ್ಣೆ ಬಿಸ್ಕತ್ತನ್ನೂ ಸೇರಿಸಿದಳು. ಅವನು ಮುಂದೆ ವರ್ಷಗಟ್ಟಲೆ ಬರುತ್ತಿದ್ದ, ಬಂದಾಗಲೆಲ್ಲ ಬೇಕೆಂದೇ "ಕೊಬ್ಬರಿ ಕೊಡಿ ಆಂಟಿ" ಎನ್ನುತ್ತಿದ್ದ.

ಅಪ್ಪ ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ಅಮ್ಮ ಅಂಗಡಿಯಲ್ಲಿ ನಿಂತಳು. ಮೊದಮೊದಲು ಕೇಳಿದ್ದನ್ನು ಕೊಟ್ಟು ಕಣ್ಣು ಕೆಳಗೆ ಹಾಕುತ್ತಿದ್ದಳು. ಆಮೇಲೆ ಒಳಗಿನಿಂದ ಒಂದು ಮರದ ಸ್ಟೂಲು ತಂದು ಹೊರಗೆ ಹಾಕಿದಳು, ಬಸ್ಸಿಳಿದು ನಡೆದು ಬರುವ ಹೆಂಗಸರು ಚೀಲ ಇಟ್ಟು ಕೂರಲಿ ಎಂದು. ಬಸುರಿಯರು, ಕಂಕುಳಲ್ಲಿ ಕೂಸಿದ್ದವರು, ಅತ್ತೆಯ ಮೇಲೆ ಸಿಟ್ಟಾದವರು ಅಲ್ಲಿ ಕೂತರು. ಸಂಜೆ ಖಾರಾ ಬನ್ ಓವನ್ನಿನಿಂದ ಬರುವ ಹೊತ್ತಿಗೆ ಅಂಗಡಿಯ ಮುಂದೆ ಮಾತು ತುಂಬಿಕೊಳ್ಳುತ್ತಿತ್ತು. ಈರುಳ್ಳಿ, ಹಸಿಮೆಣಸಿನಕಾಯಿ ಬೆಂದ ಆ ಪರಿಮಳದೊಳಗೆ ಅಮ್ಮನ ದನಿಯೂ ಕೇಳುತ್ತಿತ್ತು, ಊರಿನಲ್ಲಿ ಬೇಲಿಯಾಚೆಗೆ ಕೂಗುತ್ತಿದ್ದ ದನಿ.

ಅಪ್ಪ ಬಂದ. ಗಾಯ ಮಾಗಿತ್ತು, ಆದರೆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಬಂದ ದಿನವೇ ಹಿಟ್ಟಿನ ಮುಂದೆ ನಿಂತು ಒಂದು ಉಂಡೆ ಕಟ್ಟಲು ನೋಡಿದ. ಹಿಟ್ಟು ಬೆರಳ ಸಂದಿಯಿಂದ ಜಾರಿ ಹಲಗೆಯ ಮೇಲೆ ಬಿತ್ತು. ಚಿಕ್ಕಪ್ಪ ಬೇರೆ ಕಡೆ ತಿರುಗಿ ಸೌದೆ ಸರಿಮಾಡತೊಡಗಿದ. ಅಪ್ಪ ಕೈ ತೊಳೆದುಕೊಂಡು ಅಂಗಡಿಗೆ ಬಂದು, "ನೀನಿನ್ನು ಒಳಗೆ ಹೋಗು," ಎಂದ. ಅಮ್ಮ ಹೋದಳು. ಆಮೇಲಿನ ದಿನಗಳು ಯಾರೂ ಯಾರ ಮೇಲೂ ಕೂಗಾಡದ, ಆದರೆ ತಟ್ಟೆ ಇಡುವ ಸದ್ದೂ ದೊಡ್ಡದಾಗಿ ಕೇಳುವ ದಿನಗಳು. ಬಂದವರೆಲ್ಲ "ಅಕ್ಕ ಇಲ್ವಾ?" ಎಂದು ಕೇಳುತ್ತಿದ್ದರು. "ಒಳಗಿದಾಳೆ," ಎಂದು ಅಪ್ಪ ಹೇಳುತ್ತಿದ್ದ. ಒಂದು ಸಂಜೆ ಒಬ್ಬಾಕೆ ಕೂಸನ್ನೆತ್ತಿಕೊಂಡು ಬಂದವಳು, "ಒಳಗಿದ್ರೆ ನಾನೇ ಹೋಗ್ತೀನಿ ಬಿಡಿ ಅಣ್ಣ," ಎಂದು ಪರದೆ ಎತ್ತಿ ನೇರವಾಗಿ ನಮ್ಮ ಕೋಣೆಗೆ ಬಂದು ಅಮ್ಮನ ಪಕ್ಕ ಕೂತುಬಿಟ್ಟಳು. ಅವರಿಬ್ಬರೂ ಕೂಸಿನ ಹೊಟ್ಟೆನೋವಿನ ಬಗ್ಗೆ ಮಾತಾಡುತ್ತಿದ್ದಾಗ ಅಪ್ಪ ಎರಡು ಸಲ ಇಣುಕಿದ.

ಮಾರನೆಯ ಬೆಳಿಗ್ಗೆ ನಾನು ಏಳುವಾಗ ಅವನು ಸ್ಟೂಲಿನ ಮೇಲೆ ಹತ್ತಿ ಎಡಗೈಯಲ್ಲಿ ಪರದೆಯ ದಾರ ಬಿಚ್ಚುತ್ತಿದ್ದ. ಬಿಚ್ಚಿ, ಅದನ್ನು ಮುದ್ದೆ ಮಾಡಿ ಅಮ್ಮನ ಕೈಗೆ ಕೊಟ್ಟ.

"ಒಗೆದು ಎತ್ತಿಡು."

"ಮತ್ತೆ ಯಾವಾಗ ಕಟ್ಬೇಕು?"

"ಎತ್ತಿಡು ಅಂದೆ ಅಷ್ಟೆ. ನಂಗೆ ಸೈಕಲ್ ಮೇಲೆ ಹೋಗೋದಿದೆ. ಅನ್ನಪೂರ್ಣೇಶ್ವರಿನಗರದ ಟೀ ಅಂಗಡಿಯೋರು ದಿನಾ ಬನ್ ಕೊಡಿ ಅಂದಿದಾರೆ."

ಅಂದಿನಿಂದ ಅಪ್ಪ ಸೈಕಲ್ಲಿಗೆ ದೊಡ್ಡ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಸುತ್ತಮುತ್ತಲ ಟೀ ಅಂಗಡಿಗಳಿಗೆಲ್ಲ ಬನ್ನು ಹಾಕಿ ಬರುತ್ತಿದ್ದ. ಹ್ಯಾಂಡಲ್ ಹಿಡಿಯುವಷ್ಟು ಬೆರಳು ಮಡಚುತ್ತಿದ್ದವು. ಪರೀಕ್ಷೆ ಮುಗಿದು ರಜೆ ಬಂತು. ನಮ್ಮನ್ನು ಊರಿಗೆ ಕರೆದೊಯ್ಯಲು ತಾತ ಬಂದರು. ಅಮ್ಮ ನನ್ನ ಬಟ್ಟೆಯನ್ನಷ್ಟೇ ಚೀಲಕ್ಕೆ ತುಂಬಿ, "ಅಂಗಡಿ ಬಿಟ್ಟು ನಾನ್ ಹೇಗೆ ಬರ್ಲಿ ಮಾವ?" ಎಂದಳು. ತಾತ ಅಪ್ಪನ ಕಡೆ ನೋಡಿದರು. ಅಪ್ಪ ಸೈಕಲ್ಲಿನ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ.

ಆಮೇಲೆ ಎಲ್ಲರ ಮನೆಯಲ್ಲೂ ಆಗುವಂಥದ್ದೇ ನಮ್ಮಲ್ಲೂ ಆಯಿತು. ಕಲ್ಲು ನೆಟ್ಟಲ್ಲೆಲ್ಲ ಮನೆಗಳೆದ್ದವು, ರಾಗಿ ಹೋಯಿತು, ರಸ್ತೆಗೆ ಟಾರು ಬಂತು. ಚಿಕ್ಕಪ್ಪನಿಗೆ ಕೆಮ್ಮು ಶುರುವಾಗಿ ನಿಲ್ಲಲೇ ಇಲ್ಲ. ಹಿಟ್ಟಿನ ಧೂಳೂ ಹೊಗೆಯೂ ಬಿಡಬೇಕು ಎಂದು ಡಾಕ್ಟರು ಹೇಳಿದ ಮೇಲೆ ಊರಿಗೆ ಹೋಗಿ, ಮದುವೆಯಾಗಿ, ಹೊಲ ನೋಡಿಕೊಂಡು ಉಳಿದ. ಅವನ ಜಾಗಕ್ಕೆ ಬಂದವರ ಬನ್ನು ಚೆನ್ನಾಗಿಯೇ ಇರುತ್ತಿತ್ತು, ಆದರೂ ಅಮ್ಮ ಪ್ರತಿ ದಿನ ಮೊದಲ ಬನ್ನನ್ನು ಮುರಿದು ಮೂಸಿ ಕೆಳಗಿಡುತ್ತಿದ್ದಳು. ನಾನು ಓದಿ ಕೆಲಸಕ್ಕೆ ಸೇರಿದ ವರ್ಷ, ಹಳೆಯದನ್ನು ಒಡೆದು ಮಹಡಿ ಮನೆ ಕಟ್ಟಿಸುತ್ತೇವೆ ಎಂದು ಕಟ್ಟಡದ ಯಜಮಾನರು ಹೇಳಿದರು. ಅವರ ಜಾಗ, ತಪ್ಪೇನಿಲ್ಲ. ಬೆಂಕಿ ಆರಿಸಿದ ಮರುದಿನ ಕೆಲಸದವರು ಓವನ್ ಒಡೆಯಲು ಬಂದರು, ಇಟ್ಟಿಗೆ ಇನ್ನೂ ಮುಟ್ಟಲಾಗದಷ್ಟು ಬಿಸಿಯಿತ್ತು. ಅವರು ಹಾರೆ ಕೆಳಗಿಟ್ಟು ನೆರಳಲ್ಲಿ ಕೂತು ಕಾದರು. ಅಮ್ಮ ಅವರಿಗೆ ಟೀ ಮಾಡಿ ಕೊಟ್ಟಳು. ಸಂಜೆಯವರೆಗೂ ಆರದಿದ್ದಾಗ, ನಾಳೆ ಬರುತ್ತೇವೆ ಎಂದು ಹೋದರು. ಮರುದಿನ ಅವರು ಬರುವಷ್ಟರಲ್ಲಿ ನಾವು ಸಾಮಾನು ಲಾರಿಗೆ ಹೇರಿ ಬಸವೇಶ್ವರನಗರದ ಬಾಡಿಗೆ ಮನೆಗೆ ಹೊರಟಾಗಿತ್ತು. ಅದು ಬೀಳುವುದನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ.

ಅಮ್ಮ ತೀರಿಕೊಂಡದ್ದು ಈ ಮನೆಯಲ್ಲೇ, ಸಕ್ಕರೆ ಕಾಯಿಲೆಯಿಂದ. ಅಪ್ಪ ನನ್ನ ಜೊತೆ ಇದ್ದಾನೆ. ಪೇಪರ್ ಓದುತ್ತಾನೆ, ಮೊಮ್ಮಗಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸುತ್ತಾನೆ, ಅಮ್ಮನ ವಿಷಯ ಹೆಚ್ಚು ಮಾತಾಡುವುದಿಲ್ಲ.

ಹೋದ ವಾರ ಶ್ರೀಗಂಧದ ಕಾವಲಿನಾಚೆಯ ಉಲ್ಲಾಳದಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ, ನಡುವಯಸ್ಸು ದಾಟಿದ ಹೆಂಗಸು ನನ್ನನ್ನೇ ನೋಡಿ ನೋಡಿ, "ನೀವು ಬೇಕರಿ ಅಕ್ಕನ ಮಗಳಲ್ವಾ? ಅದೇ ಮುಖ," ಎಂದರು. ಹೌದೆಂದೆ. ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ತೀರಿಕೊಂಡರು ಎಂದೆ. ಅವರು ನನ್ನ ಕೈ ಮೇಲೆ ಕೈ ಇಟ್ಟು ಹೇಳಿದರು. "ಮದುವೆಯಾಗಿ ಶಿರಾ ಕಡೆಯಿಂದ ಬಂದಾಗ ನಂಗೆ ಏನೂ ಗೊತ್ತಾಗ್ತಿರ್ಲಿಲ್ಲ ಕಣಮ್ಮಾ. ಹಾಲು ಎಲ್ಲಿ, ಡಾಕ್ಟ್ರು ಎಲ್ಲಿ, ಮಾರ್ಕೆಟ್ಟಿಗೆ ಯಾವ ಬಸ್ಸು, ಎಲ್ಲಾ ನಿಮ್ಮಮ್ಮನ್ನೇ ಕೇಳ್ತಿದ್ದೆ. ಅವ್ರಿಗೇನು, ಇಲ್ಲೇ ಹುಟ್ಟಿ ಬೆಳೆದೋರು."

ಇಲ್ಲ, ನಾವೂ ಹೊರಗಿನಿಂದ ಬಂದವರೇ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಸ್ಟಾಪ್ ಬಂತು. ಚೀಲ ಎತ್ತಿಕೊಂಡು ಗಡಿಬಿಡಿಯಲ್ಲಿ ಇಳಿದರು. ಕೆಳಗೆ ನಿಂತು, ಕಿಟಕಿಯತ್ತ ಮುಖವೆತ್ತಿ, "ಮನೆಗೆ ಬಾಮ್ಮ, ಖಂಡಿತ ಬಾ," ಎಂದು ಕೈ ಬೀಸಿದರು. ಮನೆ ಎಲ್ಲಿ ಎಂದು ಅವರು ಹೇಳಲಿಲ್ಲ. ನಾನು ಕೇಳುವಷ್ಟರಲ್ಲಿ ಬಸ್ಸು ಹೊರಟಿತ್ತು.